ಊರು ದೊಡ್ಡದು, ಆದ್ರೂ ಸಂಜೆ ಏಳರ ಮೇಲೆ ಬಸ್ಸಿಲ್ಲ. ಯಾಕೆ?

ಪ್ರಶ್ನೆ: ನಮ್ಮದು ಬೆಳಗಾವಿ ಜಿಲ್ಲೆಯ ರಾಯಬಾಗ ಕಡೆಯ ದೊಡ್ಡ ಹಳ್ಳಿ. ಜನ ಇಪ್ಪತ್ತು ಸಾವಿರದ ಹತ್ತಿರ ಇದ್ದಾರೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ, ಸರ್ಕಾರದ ಕಾಗದದಲ್ಲಿ ಮಾತ್ರ ಅದಕ್ಕಿಂತ ಎಷ್ಟೋ ಕಡಿಮೆ. ಪಕ್ಕದಲ್ಲೇ ರಾಜ್ಯ ಹೆದ್ದಾರಿ ಇದೆ, ಐದಾರು ಕಿಲೋಮೀಟರಿಗೆ ರೈಲು ಇದೆ. ಆದ್ರೂ ಸಂಜೆ ಏಳರ ನಂತರ ಬಸ್ಸಿಲ್ಲ, ಮಿರಜಿಗೋ ಬೆಳಗಾವಿಗೋ ಹೋಗಿ ಬರೋದೇ ದೊಡ್ಡ ಕೆಲಸ. ಏಷ್ಯಾದಲ್ಲೇ ದೊಡ್ಡ ಹಳ್ಳಿ ಉತ್ತರ ಪ್ರದೇಶದ ಗಹ್ಮರ್, ಅಲ್ಲಿ ಲಕ್ಷಕ್ಕೂ ಜಾಸ್ತಿ ಜನ ಅಂತ ಓದಿದೆ. ಇಷ್ಟು ದೊಡ್ಡ ಊರುಗಳು ಇನ್ನೂ ಯಾಕೆ ಹಳ್ಳಿ? ಪಟ್ಟಣ ಪಂಚಾಯಿತಿ ಮಾಡಿಸಿಕೊಂಡ್ರೆ ಬಸ್ಸು, ರೈಲು ಬರುತ್ತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬರೋದಿಲ್ಲ. ಹಳ್ಳಿಯೋ ಪಟ್ಟಣವೋ ಅಂತ ಬೋರ್ಡು ನೋಡಿ ಯಾವ ಡಿಪೋ ಮ್ಯಾನೇಜರೂ ಬಸ್ಸು ಬಿಡೋದಿಲ್ಲ, ರೈಲ್ವೆಯಂತೂ ನೋಡೋದೇ ಇಲ್ಲ. ನಿಮ್ಮ ತಾಲೂಕಿನಲ್ಲೇ ಹಾರೂಗೇರಿ, ಮುಗಳಖೋಡ, ಚಿಂಚಲಿ ಮೊದಲು ಗ್ರಾಮ ಪಂಚಾಯಿತಿಗಳೇ ಆಗಿದ್ದವು, ಕಳೆದ ದಶಕದಲ್ಲಿ ಮೇಲ್ದರ್ಜೆಗೆ ಏರಿದವು. ಚಿಂಚಲಿಗೆ ರೈಲು ಸ್ಟೇಷನ್ ಇದೆ, ಅದು ಊರು ಹಳ್ಳಿಯಾಗಿದ್ದಾಗಲೂ ಇತ್ತು. ಹಾರೂಗೇರಿಗೆ ಸ್ಟೇಷನ್ ಇಲ್ಲ, ಪುರಸಭೆ ಆದ ಮೇಲೂ ಬರಲಿಲ್ಲ. ಇಷ್ಟು ದೊಡ್ಡ ಊರು ಹಳ್ಳಿ ಯಾಕೆ, ಬಸ್ಸು ರೈಲು ಯಾಕಿಲ್ಲ, ಎರಡನ್ನೂ ಬಿಡಿಸಿ ನೋಡೋಣ.

ಮೊದಲು ಗಹ್ಮರ್. ಘಾಜೀಪುರ ಜಿಲ್ಲೆಯಲ್ಲಿ, ಗಂಗೆಯ ದಂಡೆಯಲ್ಲಿ, ಬಿಹಾರದ ಗಡಿಗೆ ಹತ್ತಿರ ಇರುವ ಊರು. ಮನೆಗೊಬ್ಬ ಸೈನಿಕ ಅಂತ ಹೆಸರು. ಊರು ಇಪ್ಪತ್ತೆರಡು ಪಟ್ಟಿಗಳಾಗಿ ಹಂಚಿಕೊಂಡಿದೆ. ಪಟ್ಟಿ ಅಂದ್ರೆ ನಮ್ಮ ಕಡೆಯ ಓಣಿಗಿಂತ ದೊಡ್ಡದು, ಸಣ್ಣ ಊರೇ ಅನ್ನಬಹುದು. ಲಕ್ಷಕ್ಕೂ ಹೆಚ್ಚು ಜನ ಅನ್ನೋ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 2011ರ ಜನಗಣತಿ ತೆಗೆದು ನೋಡಿದರೆ ಆ ಗ್ರಾಮದ ಲೆಕ್ಕ ಮೂವತ್ತು ಸಾವಿರದೊಳಗೇ ಇದೆ. ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ತಿಳಿಯಬೇಡಿ. ಊರವರು ಲೆಕ್ಕ ಹಾಕೋದು ‘ನಮ್ಮವರು’ ಎಷ್ಟು ಜನ ಅಂತ. ಕಾಶ್ಮೀರದ ಪಹರೆಯಲ್ಲಿರುವ ಮಗ, ದೆಹಲಿಯಲ್ಲಿ ಮನೆ ಮಾಡಿದ ಅಣ್ಣ, ನಿವೃತ್ತಿಯಾಗಿ ಬನಾರಸ್‌ನಲ್ಲಿ ಉಳಿದ ಚಿಕ್ಕಪ್ಪ, ಎಲ್ಲರೂ ಅದರಲ್ಲಿ ಸೇರುತ್ತಾರೆ. ಜನಗಣತಿಯವರು ಕೇಳೋದು ಒಂದೇ: ಎಣಿಕೆಯ ದಿನಗಳಲ್ಲಿ ಇವರು ಎಲ್ಲಿದ್ದರು? ಬ್ಯಾರಕ್ಕಿನಲ್ಲಿದ್ದ ಸೈನಿಕ ಬ್ಯಾರಕ್ಕಿನ ಲೆಕ್ಕಕ್ಕೆ ಹೋಗುತ್ತಾನೆ.

ನಿಮ್ಮೂರಿನ ‘ಇಪ್ಪತ್ತು ಸಾವಿರ’ಕ್ಕೂ ಕಾಗದದ ಅಂಕಿಗೂ ನಡುವಿನ ಅಂತರದಲ್ಲಿ ಒಂದು ಪಾಲು ಇದೇ. ಇನ್ನೊಂದು ಪಾಲು ಬರೀ ಕಾಲದ್ದು. ನಮ್ಮ ಕೈಯಲ್ಲಿರುವ ಗ್ರಾಮವಾರು ಅಂಕಿ 2011ರದ್ದು. 2021ರಲ್ಲಿ ಆಗಬೇಕಾದ ಗಣತಿ ಆಗಲೇ ಇಲ್ಲ. ಹಾಗಾಗಿ ಬಸ್ಸು ಕೇಳಿ, ಆಸ್ಪತ್ರೆ ಕೇಳಿ, ಎದುರಿಗಿರುವ ಅಧಿಕಾರಿ ತೆಗೆಯೋದು ಅದೇ ಹಳೇ ಪುಸ್ತಕ.

ಈ ಎಣಿಕೆಯಲ್ಲಿ ನಿಮ್ಮ ಭಾಗಕ್ಕೆ ಮಾತ್ರ ಹೊಂದುವ ಒಂದು ವಿಚಿತ್ರ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 2011ರ ಎಣಿಕೆ ನಡೆದಿದ್ದು ಫೆಬ್ರವರಿ 9ರಿಂದ 28ರವರೆಗೆ. ಕೃಷ್ಣೆ, ಘಟಪ್ರಭೆಯ ದಂಡೆಯಲ್ಲಿ ಫೆಬ್ರವರಿ ಅಂದ್ರೆ ಏನು? ಕಬ್ಬು ಕಡಿಯುವ ಕಾಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮ ವಿಜಯಪುರದ ತಾಂಡಾಗಳಿಂದ ಗ್ಯಾಂಗುಗಳು ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಂಡಿರುತ್ತವೆ. ನಿಯಮದ ಪ್ರಕಾರ ಎಣಿಕೆಯ ಅಷ್ಟೂ ದಿನ ಊರು ಬಿಟ್ಟಿದ್ದವರು ಸ್ವಂತ ಊರಿನ ಲೆಕ್ಕದಲ್ಲಿ ಬರೋದಿಲ್ಲ, ಇದ್ದ ಜಾಗದಲ್ಲಿ ಎಣಿಸಬೇಕು. ಎಣಿಸುವವರು ಆ ಗುಡಿಸಲಿನ ತನಕ ಹೋದರೆ ನಿಮ್ಮೂರಿಗೆ ನಾಲ್ಕು ಜನ ಜಾಸ್ತಿ, ಹೋಗದಿದ್ದರೆ ಆ ಕುಟುಂಬ ದೇಶದ ಲೆಕ್ಕದಿಂದಲೇ ತಪ್ಪಿಹೋಯಿತು. ಅದೇ ಹೊತ್ತಿಗೆ ಪುಣೆಯ ಕಾರ್ಖಾನೆಯಲ್ಲೋ ಗೋವಾದ ಹೋಟೆಲಿನಲ್ಲೋ ದುಡಿಯುವ ನಿಮ್ಮೂರ ಹುಡುಗರು ನಿಮ್ಮ ಲೆಕ್ಕದಲ್ಲಿಲ್ಲ.

ಇನ್ನು ದೊಡ್ಡದು, ಸಣ್ಣದು ಅನ್ನೋ ಮಾತು. 2011ರಲ್ಲಿ ಕರ್ನಾಟಕದಲ್ಲಿ 29,340 ಗ್ರಾಮಗಳಿದ್ದವು. ಅದರಲ್ಲಿ ಜನ ವಾಸ ಇದ್ದದ್ದು 27,397ರಲ್ಲಿ, ಉಳಿದವು ಬೇಚರಾಕ್, ಅಂದ್ರೆ ಕಂದಾಯ ದಾಖಲೆಯಲ್ಲಿ ಹೆಸರು, ಗಡಿ ಎಲ್ಲ ಇದೆ, ಮನುಷ್ಯರಿಲ್ಲ. ರಾಜ್ಯದ ಗ್ರಾಮೀಣ ಜನ ಸುಮಾರು 3.75 ಕೋಟಿ. ಭಾಗಿಸಿದರೆ ಒಂದು ಹಳ್ಳಿಗೆ ಸರಾಸರಿ 1,370 ಜನ. ನೀವು ಹೇಳುವ ಇಪ್ಪತ್ತು ಸಾವಿರ ಅದರ ಹದಿನಾಲ್ಕು ಪಟ್ಟು. ದೊಡ್ಡ ಊರು ಅಂತ ನೀವು ಬೀಗಬಹುದು. ಆದರೆ ಕೇರಳಕ್ಕೆ ಹೋದರೆ ನಿಮ್ಮೂರು ಸಾಧಾರಣ. ಅಲ್ಲಿ ಇಡೀ ರಾಜ್ಯಕ್ಕೆ ಹಳ್ಳಿಗಳೇ 1,018, ಗ್ರಾಮೀಣ ಜನ ಸುಮಾರು 1.75 ಕೋಟಿ. ಸರಾಸರಿ ಹದಿನೇಳು ಸಾವಿರ! ಕೇರಳದವರ ಹಳ್ಳಿ ನಮ್ಮದಕ್ಕಿಂತ ದೊಡ್ಡದು ಅಂತಲ್ಲ, ಅಲ್ಲಿ ಕಂದಾಯ ಗ್ರಾಮದ ಗೆರೆಯನ್ನೇ ದೊಡ್ಡದಾಗಿ ಎಳೆದಿದ್ದಾರೆ ಅಷ್ಟೇ. ಹಳ್ಳಿಯ ಜನಸಂಖ್ಯೆ ಅಂದ್ರೆ ಒಂದು ಗೆರೆಯ ಒಳಗಿನ ಜನಸಂಖ್ಯೆ. ಗೆರೆ ಎಳೆದವರು ಕಂದಾಯ, ಭೂಮಾಪನದವರು, ಅವರು ಎಳೆದದ್ದು ಹೊಲದ ತೆರಿಗೆಗಾಗಿ, ಬಸ್ಸಿಗಾಗಿ ಅಲ್ಲ.

ನಿಮ್ಮ ಭಾಗದಲ್ಲಿ ಈ ಗೆರೆ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು. ರಾಯಬಾಗ, ಚಿಕ್ಕೋಡಿ, ಅಥಣಿ ಕಡೆ ಅರ್ಧ ಊರು ತೋಟದಲ್ಲಿರುತ್ತದೆ. ನೀರಾವರಿ ಬಂದ ಮೇಲೆ ಜನ ಹಳೇ ಗಾವಠಾಣ, ಅಂದ್ರೆ ಊರ ನಡುವಿನ ವಸತಿ ಜಾಗ, ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡರು. ಒಂದೊಂದು ಮನೆತನದ ಹೆಸರಿನಲ್ಲಿ ಒಂದೊಂದು ತೋಟ, ಆ ತೋಟದ ಹೆಸರಿನಲ್ಲೇ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಶಾಲೆಯ ಗೋಡೆ ಮೇಲೆ ಊರಿನ ಹೆಸರಿಗಿಂತ ತೋಟದ ಹೆಸರೇ ದೊಡ್ಡ ಅಕ್ಷರದಲ್ಲಿರುತ್ತದೆ. ಇವರೆಲ್ಲ ಸೇರಿ ಇಪ್ಪತ್ತು ಸಾವಿರ. ಬಸ್ ಸ್ಟ್ಯಾಂಡಿನ ಸುತ್ತ ನಡೆದು ಬರುವಷ್ಟು ದೂರದಲ್ಲಿ ಇರೋರು ಅದರಲ್ಲಿ ಎಷ್ಟು ಜನ? ಡಿಪೋದವರಿಗೆ ಬೇಕಾಗಿರೋದು ಆ ಅಂಕಿ, ಅದು ಯಾವ ಪುಸ್ತಕದಲ್ಲೂ ಇಲ್ಲ.

ಪುಸ್ತಕದಲ್ಲಿ ಏನಿದೆ ಅಂತಲೂ ನೋಡಿಬಿಡಿ, ಯಾರು ಬೇಕಾದರೂ ನೋಡಬಹುದು. ಜನಗಣತಿ ಇಲಾಖೆ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಜನಗಣತಿ ಕೈಪಿಡಿ ಮಾಡುತ್ತದೆ, ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಗ್ರಾಮ ಡೈರೆಕ್ಟರಿ ಅಂತ ಒಂದು ಭಾಗ. ನಿಮ್ಮೂರಿಗೆ ಆರು ಅಂಕಿಯ ಒಂದು ಕೋಡ್ ಇರುತ್ತದೆ. ಅದರ ಮುಂದೆ ಉದ್ದಕ್ಕೆ ಕಾಲಂಗಳು: ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ರೈಲು ಸ್ಟೇಷನ್, ಆಟೋ, ಟ್ಯಾಕ್ಸಿ, ಟ್ರ್ಯಾಕ್ಟರ್, ಎತ್ತಿನ ಗಾಡಿ ಕೂಡ. ಆಮೇಲೆ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಡಾಂಬರು ರಸ್ತೆ. ಸೌಲಭ್ಯ ಇದ್ದರೆ ‘ಇದೆ’. ಇಲ್ಲದಿದ್ದರೆ ಎಷ್ಟು ದೂರದಲ್ಲಿದೆ ಅಂತ ಮೂರೇ ಅಕ್ಷರ: ಐದು ಕಿಲೋಮೀಟರಿನೊಳಗೆ ಇದ್ದರೆ ‘ಎ’, ಐದರಿಂದ ಹತ್ತು ‘ಬಿ’, ಹತ್ತಕ್ಕಿಂತ ಆಚೆ ‘ಸಿ’.

ಇದರಲ್ಲಿನ ತಕರಾರು ಕಾಣಿಸಿತಾ? ದಿನಕ್ಕೆ ಒಂದು ಬಸ್ಸು ಬಂದರೂ ‘ಇದೆ’, ಹತ್ತು ನಿಮಿಷಕ್ಕೊಂದು ಬಂದರೂ ‘ಇದೆ’. ಕೊನೆಯ ಬಸ್ಸು ಎಷ್ಟೊತ್ತಿಗೆ ಅನ್ನೋ ಕಾಲಮ್ಮೇ ಇಲ್ಲ. ಹೆದ್ದಾರಿ ನಿಮ್ಮ ಗ್ರಾಮದ ಗಡಿಯೊಳಗೆ ಹಾದುಹೋದರೆ ನೀವು ಹೆದ್ದಾರಿಗೆ ಸೇರಿದ ಊರು, ಅದು ಊರಿಂದ ಎರಡು ಕಿಲೋಮೀಟರ್ ಆಚೆ ಬೈಪಾಸ್ ಆಗಿ, ಸರ್ವಿಸ್ ರಸ್ತೆ ಕೂಡ ಇಲ್ಲದೆ ಹೋಗುತ್ತಿದ್ದರೂ ಸರಿ. ಸುಮ್ನೆ ಪುಸ್ತಕ ನೋಡಿದವರಿಗೆ ನಿಮ್ಮೂರು ಎಲ್ಲ ಸೌಲಭ್ಯ ಇರುವ ಊರು. ನನ್ನ ಪ್ರಕಾರ ದೊಡ್ಡ ಹಳ್ಳಿಗಳ ಮೂಲ ತೊಂದರೆಯೇ ಇದು: ಅವು ಪಟ್ಟಿಯಲ್ಲಿ ಸಂಪರ್ಕ ಇರುವ ಊರುಗಳು, ಹಾಗಾಗಿ ಯಾವ ಯೋಜನೆಯ ಕಣ್ಣಿಗೂ ಬೀಳೋದಿಲ್ಲ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾದಾಗ ಗುರಿ ಇದ್ದದ್ದು ರಸ್ತೆಯೇ ಇಲ್ಲದ ಜನವಸತಿಗಳು, ಬಯಲು ಸೀಮೆಯಲ್ಲಿ 500 ಜನ ಇದ್ದರೆ ಸಾಕು. ಒಂದು ಸರ್ವಋತು ರಸ್ತೆ ಬಂತೋ, ಲೆಕ್ಕ ಮುಗಿಯಿತು. ನಿಮ್ಮೂರಿಗೆ ಆ ರಸ್ತೆ ಎಂದೋ ಬಂದಿದೆ. ತೋಟದ ವಸತಿಗಳಿಗೆ ಬೇಕಾದ ರಸ್ತೆ ಕೇಳಬೇಕಾದರೆ ಊರಿನ ಹೆಸರಲ್ಲಿ ಕೇಳಬೇಡಿ, ವಸತಿಯ ಹೆಸರಲ್ಲಿ ಕೇಳಿ. 2024ರಲ್ಲಿ ಒಪ್ಪಿಗೆ ಸಿಕ್ಕ ನಾಲ್ಕನೇ ಹಂತ 25,000 ಜನವಸತಿಗಳಿಗೆ ಅಂತಲೇ ಇದೆ, ಅದಕ್ಕೆ ಆಧಾರ 2011ರ ಗಣತಿ.

ಇಷ್ಟು ಜನ ಇದ್ದೂ ಹಳ್ಳಿ ಯಾಕೆ ಅನ್ನೋದಕ್ಕೆ ಬರೋಣ. ಇದು ಬೇಗ ಮುಗಿಯುವ ವಿಷಯ. ಎರಡು ಅಳತೆಗೋಲು ಇವೆ, ಒಂದಕ್ಕೊಂದು ಸಂಬಂಧ ಇಲ್ಲ. ಜನಗಣತಿಯ ಪ್ರಕಾರ ಪಟ್ಟಣ ಅನ್ನಿಸಿಕೊಳ್ಳಲು 5,000 ಜನ ಇರಬೇಕು, ಚದರ ಕಿಲೋಮೀಟರಿಗೆ 400 ಜನ ಇರಬೇಕು, ಮತ್ತೆ ದುಡಿಯುವ ಗಂಡಸರಲ್ಲಿ ಮುಖ್ಯ ಕೆಲಸಗಾರರ (ಅಂದ್ರೆ ವರ್ಷದಲ್ಲಿ ಆರು ತಿಂಗಳಾದರೂ ದುಡಿಯುವವರ) ಪೈಕಿ ನೂರಕ್ಕೆ 75 ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಮೊದಲೆರಡನ್ನು ನಿಮ್ಮೂರು ದಾಟಬಹುದು. ಮೂರನೆಯದರಲ್ಲಿ ಬಿತ್ತು. ಕಬ್ಬು ಬೆಳೆಯುವವನು ಲಕ್ಷಗಟ್ಟಲೆ ವಹಿವಾಟು ಮಾಡಿದರೂ ಲೆಕ್ಕದಲ್ಲಿ ಬೇಸಾಯಗಾರನೇ. ಇಲ್ಲೂ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ, ಅದು ಬೇರೆ ಜಗಳ. 2011ರಲ್ಲಿ ಈ ಅಳತೆ ದಾಟಿದ ‘ಗಣತಿ ಪಟ್ಟಣ’ಗಳು ದೇಶದಲ್ಲಿ 3,894, ಕೇರಳ ಒಂದರಲ್ಲೇ 461, ನಮ್ಮಲ್ಲಿ 127. ತಮಾಷೆ ಏನಂದ್ರೆ, ಗಣತಿ ಪಟ್ಟಣ ಆದರೂ ಆಡಳಿತ ಗ್ರಾಮ ಪಂಚಾಯಿತಿಯದ್ದೇ ಇರುತ್ತದೆ.

ಇನ್ನೊಂದು ಅಳತೆಗೋಲು ರಾಜ್ಯದ್ದು. ಕರ್ನಾಟಕದ 1964ರ ಪುರಸಭೆಗಳ ಕಾಯ್ದೆ ಪ್ರಕಾರ ಪಟ್ಟಣ ಪಂಚಾಯಿತಿಗೆ ಹತ್ತರಿಂದ ಇಪ್ಪತ್ತು ಸಾವಿರ ಜನ, ಚದರ ಕಿಲೋಮೀಟರಿಗೆ 400, ಬೇಸಾಯ ಬಿಟ್ಟು ಬೇರೆ ಉದ್ಯೋಗ ಅರ್ಧದಷ್ಟು. ಇದು ದಾಟಿದ ಕೂಡಲೇ ತಾನಾಗಿ ಆಗೋದಿಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಅಲ್ಲಿ ಶಾಸಕರ ಮನಸ್ಸು ಎಷ್ಟು ಕೆಲಸ ಮಾಡುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಪಟ್ಟಣ ಪಂಚಾಯಿತಿ ಆದರೆ ಏನು ಸಿಗುತ್ತದೆ, ಏನು ಹೋಗುತ್ತದೆ? ಬೀದಿದೀಪ, ಚರಂಡಿ, ಕಸ ಸಾಗಣೆಗೆ ನಗರದ ಅನುದಾನ ಬರುತ್ತದೆ, ಮುಖ್ಯಾಧಿಕಾರಿ ಬರುತ್ತಾರೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸ ನಿಲ್ಲುತ್ತದೆ. ಮನೆ ತೆರಿಗೆ ಏರುತ್ತದೆ, ಮನೆ ಕಟ್ಟಲು ಅನುಮತಿಯ ರಗಳೆ ಹೆಚ್ಚುತ್ತದೆ. ಹೊಲದ ಬದುವಿನ ದಾರಿಯನ್ನು ‘ನಮ್ಮ ಹೊಲ ನಮ್ಮ ರಸ್ತೆ’ ಯೋಜನೆಯಲ್ಲಿ ಮಾಡಿಸಿಕೊಳ್ಳುತ್ತಿದ್ದವರು ಬೇರೆ ದಾರಿ ಹುಡುಕಬೇಕಾಗುತ್ತದೆ. ಅರ್ಧ ಊರು ತೋಟದಲ್ಲಿರುವಾಗ ಇದು ಸಣ್ಣ ನಷ್ಟ ಅಲ್ಲ. ಇನ್ನೊಂದು ಕಡೆ, ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ ಅನ್ನೋದು ನಿಯಮ. ಇಪ್ಪತ್ತು ಸಾವಿರಕ್ಕೆ ಐವತ್ತು ಸದಸ್ಯರು! ಆ ಸಭೆಯಲ್ಲಿ ಒಂದು ನಿರ್ಣಯ ಪಾಸಾಗುವಷ್ಟರಲ್ಲಿ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತದೆ. ನನ್ನನ್ನು ಕೇಳಿದರೆ, ಬಸ್ಸಿನ ಆಸೆಗೆ ಪಟ್ಟಣ ಆಗಬೇಡಿ. ಚರಂಡಿ, ಕಸದ ಕಾಟ ತಡೆಯಲಾಗುತ್ತಿಲ್ಲ ಅಂದ್ರೆ ಯೋಚನೆ ಮಾಡಿ.

ಈಗ ಬಸ್ಸು. ನಿಮ್ಮದು ವಾಯವ್ಯ ಕರ್ನಾಟಕ ಸಾರಿಗೆಯ ಚಿಕ್ಕೋಡಿ ವಿಭಾಗ. ಡಿಪೋದಲ್ಲಿ ಬಸ್ಸು ಬಿಡುವಾಗ ಜನಸಂಖ್ಯೆ ಯಾರೂ ನೋಡೋದಿಲ್ಲ. ಶೆಡ್ಯೂಲ್ ನೋಡುತ್ತಾರೆ. ಒಂದು ಬಸ್ಸು, ಒಬ್ಬ ಚಾಲಕ, ಒಬ್ಬ ನಿರ್ವಾಹಕ, ದಿನಕ್ಕೆ ಇಷ್ಟು ಟ್ರಿಪ್, ಇಷ್ಟು ಕಿಲೋಮೀಟರ್, ಕಿಲೋಮೀಟರಿಗೆ ಇಷ್ಟು ಆದಾಯ. ಬೆಳಿಗ್ಗೆ ಎಂಟರಿಂದ ಹತ್ತು ನಿಮ್ಮೂರಿನ ಬಸ್ಸಿನ ಮೆಟ್ಟಿಲ ಮೇಲೂ ಕಾಲೇಜು ಹುಡುಗರು ನೇತಾಡುತ್ತಾರೆ. ಸಂಜೆ ಎಂಟಕ್ಕೆ ರಾಯಬಾಗದಿಂದ ಒಂದು ಬಸ್ಸು ಬಿಟ್ಟರೆ ಅದರಲ್ಲಿ ಹನ್ನೆರಡು ಜನ. ಅದಕ್ಕಿಂತ ಮುಖ್ಯ, ಆ ಬಸ್ಸು ರಾತ್ರಿ ಖಾಲಿಯಾಗಿ ವಾಪಸ್ ಡಿಪೋಗೆ ಬರಬೇಕು. ಆ ಖಾಲಿ ಕಿಲೋಮೀಟರೇ ನಿಮ್ಮ ಏಳು ಗಂಟೆಯ ನಂತರದ ಬಸ್ಸನ್ನು ಕೊಲ್ಲುತ್ತಿರೋದು.

ಇದಕ್ಕೆ ಹಳೇ ಮದ್ದು ವಸ್ತಿ ಬಸ್. ರಾತ್ರಿ ಎಂಟೂವರೆಗೆ ಬಂದು ಊರಲ್ಲೇ ನಿಂತು ಬೆಳಗಿನ ಜಾವ ಹೊರಡುವ ಬಸ್ಸು. ಖಾಲಿ ಓಡುವ ಕಿಲೋಮೀಟರ್ ಇಲ್ಲ, ಬೆಳಗಿನ ಮೊದಲ ಟ್ರಿಪ್ ತುಂಬಿ ಹೋಗುತ್ತದೆ, ಹಾಲು, ಹೂವು, ತರಕಾರಿಯವರಿಗೂ ಅನುಕೂಲ. ಹಾಗಿದ್ದರೆ ಎಷ್ಟೋ ಊರುಗಳಲ್ಲಿ ಯಾಕೆ ನಿಂತುಹೋಯಿತು? ಸಿಬ್ಬಂದಿಗೆ ಮಲಗಲು ಜಾಗ ಇಲ್ಲ. ಬಸ್ಸಿನ ಸೀಟಿನ ಮೇಲೇ ಸೊಳ್ಳೆ ಹೊಡೆಯುತ್ತ ಮಲಗಬೇಕು, ಬೆಳಿಗ್ಗೆ ಶೌಚಕ್ಕೆ ಬಯಲು. ಮಹಿಳಾ ನಿರ್ವಾಹಕರಾದರೆ ಆ ಡ್ಯೂಟಿ ಹಾಕೋದೇ ಕಷ್ಟ. ನಿಮ್ಮ ಪಂಚಾಯಿತಿ ಒಂದು ಕೋಣೆ, ಫ್ಯಾನು, ಬೀಗ ಇರುವ ಶೌಚಾಲಯ, ರಾತ್ರಿ ದೀಪ ಉರಿಯುವ ಬಸ್ಸು ನಿಲ್ಲುವ ಜಾಗ ಕೊಟ್ಟು, ಅದರ ಫೋಟೊ ಸಮೇತ ವಿಭಾಗೀಯ ನಿಯಂತ್ರಣಾಧಿಕಾರಿಗೆ ಬರೆದರೆ, ಇಪ್ಪತ್ತು ಸಾವಿರ ಜನ ಇದ್ದೇವೆ ಅಂತ ಬರೆದ ಹತ್ತು ಮನವಿಗಳಿಗಿಂತ ಬೇಗ ಕೆಲಸ ಆಗುತ್ತದೆ.

ಟಿಕೆಟ್ ವಿಷಯವೂ ಇದೆ. ಯಂತ್ರದಲ್ಲಿ ಯಾವ ಹಂತದಿಂದ ಯಾವ ಹಂತಕ್ಕೆ ಎಷ್ಟು ಜನ ಅಂತ ದಾಖಲಾಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಅದೂ ದಾಖಲೆಯೇ, ಅದರ ಮೇಲೇ ಸಂಸ್ಥೆ ಸರ್ಕಾರದಿಂದ ದುಡ್ಡು ಕೇಳೋದು. ನಾಲ್ಕೇ ಕಿಲೋಮೀಟರ್ ಅಂತ ಟಿಕೆಟ್ ಇಸಿದುಕೊಳ್ಳದೆ ಇಳಿದರೆ ಆ ಪ್ರಯಾಣ ಆಗಿಯೇ ಇಲ್ಲ. ಟಂಟಂ, ಮ್ಯಾಕ್ಸಿಕ್ಯಾಬ್ ಹತ್ತಿದರೂ ಹಾಗೇ. ಅವರನ್ನು ಬೈಯೋದಿಲ್ಲ, ಬಸ್ಸು ಇಲ್ಲದ ಹೊತ್ತಿಗೆ ಅವರೇ ದಿಕ್ಕು. ಆದರೆ ಅವರು ಎತ್ತಿಕೊಳ್ಳೋದು ಬೆಳಗಿನ ತುಂಬಿದ ಟ್ರಿಪ್ಪು, ರಾತ್ರಿ ಒಂಬತ್ತಕ್ಕೆ ಅವರೂ ಇರೋದಿಲ್ಲ.

ಹೆದ್ದಾರಿಯಲ್ಲಿ ಹೋಗುವ ವೇಗದೂತಗಳನ್ನು ನಿಲ್ಲಿಸಬೇಕಾದರೆ ಕೇಳಬೇಕಾದ್ದು ಕೋರಿಕೆ ನಿಲುಗಡೆ. ಅದು ಲಿಖಿತ ಆದೇಶವಾಗಿ ಬರಬೇಕು. ಬಾಯಿ ಮಾತಿನಲ್ಲಿ ಕೊಟ್ಟದ್ದನ್ನು ಚಾಲಕ ಪಾಲಿಸಬೇಕಾಗಿಲ್ಲ. ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಬರೆಸಿ, ಇಲ್ಲದಿದ್ದರೆ ಬಸ್ಸು ಬೈಪಾಸ್ ಮೇಲೆ ನಿಲ್ಲುತ್ತದೆ, ನೀವು ಕತ್ತಲಲ್ಲಿ ಊರಿಗೆ ನಡೆಯಬೇಕು.

ರೈಲಿನದ್ದು ಬೇರೆಯೇ ಕಥೆ. ನಿಮ್ಮ ಕಡೆಯ ಲೊಂಡಾ–ಮಿರಜ್ ಹಳಿ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. ಸರಕು ಮೊದಲು, ಊರು ಆಮೇಲೆ. ಹತ್ತಿ, ಧಾನ್ಯ ಹೊರಗೆ ಹೋಗಬೇಕಿತ್ತು, ಮರ್ಮಗೋವಾ ಬಂದರಿಗೆ ಕೂಡಬೇಕಿತ್ತು. ಅದಕ್ಕೇ ಚಿಕ್ಕೋಡಿ ರೋಡ್, ಗೋಕಾಕ ರೋಡ್ ಅಂತ ಸ್ಟೇಷನ್‌ಗಳು: ಇಳಿದ ಮೇಲೆ ಊರಿಗೆ ಇನ್ನೊಂದು ವಾಹನ ಹಿಡಿಯಬೇಕು. ಹೊಸ ಹಳಿಗಳು ಬರುತ್ತಿವೆ, ಆದರೆ ಅವುಗಳ ವೇಗ ನಿಮಗೆ ಗೊತ್ತಿದೆ. ಬಾಗಲಕೋಟೆ–ಕುಡಚಿ 142 ಕಿಲೋಮೀಟರ್ ಹಳಿಗೆ 2010ರ ಸುಮಾರಿಗೆ ಮಂಜೂರಾತಿ ಸಿಕ್ಕಿತು, ಬಾಗಲಕೋಟೆಯಿಂದ ಖಜ್ಜಿಡೋಣಿ ತನಕದ ಮೊದಲ ಮೂವತ್ತು ಕಿಲೋಮೀಟರ್ ಆಗುವಷ್ಟರಲ್ಲೇ ವರ್ಷಗಳು ಕಳೆದವು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ 73 ಕಿಲೋಮೀಟರಿನ ನೇರ ಮಾರ್ಗ ಜಮೀನಿನ ತಕರಾರಿನಲ್ಲಿ ಕುಂಟಿತು.

ನೀವು ಹೊಸ ಹಳಿಗೆ ಕಾಯೋದಕ್ಕಿಂತ ಇರುವ ಸ್ಟೇಷನ್ನಿನಲ್ಲಿ ರೈಲು ನಿಲ್ಲಿಸೋದನ್ನು ನೋಡಿ. ಇಲ್ಲಿ ಗಹ್ಮರ್ ಮತ್ತೆ ನೆನಪಾಗುತ್ತದೆ. ಆ ಊರಿನ ಸ್ಟೇಷನ್ ದೆಹಲಿ–ಹೌರಾ ಮುಖ್ಯ ಮಾರ್ಗದಲ್ಲಿದೆ, ಮುಘಲ್‌ಸರಾಯ್ (ಈಗ ದೀನದಯಾಳ್ ಉಪಾಧ್ಯಾಯ ಜಂಕ್ಷನ್) ಮತ್ತು ಪಟ್ನಾದ ನಡುವೆ. ದೇಶದ ಅತಿ ಗಿಜಿಗುಡುವ ಹಳಿಗಳಲ್ಲಿ ಒಂದು. ರೈಲುಗಳು ಒಂದರ ಹಿಂದೊಂದು ಹೋಗುತ್ತಲೇ ಇರುತ್ತವೆ, ನಿಲ್ಲುವವು ಕೆಲವೇ. ರಜೆಗೆ ಬರುವ ಸೈನಿಕರ ಊರು ಅಂತ ಹೇಳಿಕೊಂಡರೂ ನಿಲುಗಡೆಗಾಗಿ ಊರವರು ಹೋರಾಡಬೇಕಾಯಿತು. ಹಳಿ ಗಿಜಿಗುಟ್ಟಿದಷ್ಟೂ ನಿಲುಗಡೆ ಸಿಗೋದು ಕಷ್ಟ, ಒಂದು ಗಾಡಿ ಎರಡು ನಿಮಿಷ ನಿಂತರೆ ಹಿಂದಿನವು ತಡವಾಗುತ್ತವೆ. ಆ ದೃಷ್ಟಿಯಿಂದ ನಿಮ್ಮ ಹಳಿ ವಾಸಿ, ಜೋಡಿ ಹಳಿ ಆದ ಕಡೆ ಎದುರು ಗಾಡಿಗೆ ಕಾಯುವ ಕಾಟವೂ ತಪ್ಪಿದೆ.

ರೈಲ್ವೆ ಸಾಮಾನ್ಯವಾಗಿ ಮೊದಲು ಪ್ರಾಯೋಗಿಕ ನಿಲುಗಡೆ ಕೊಡುತ್ತದೆ, ಆ ತಿಂಗಳುಗಳಲ್ಲಿ ಆ ಸ್ಟೇಷನ್ನಿನಿಂದ ಎಷ್ಟು ಟಿಕೆಟ್ ಹೋಯಿತು ಅಂತ ನೋಡಿ ಮುಂದುವರಿಸುತ್ತದೆ ಇಲ್ಲವೇ ಕಿತ್ತುಹಾಕುತ್ತದೆ. ನಮ್ಮವರು ಏನು ಮಾಡುತ್ತಾರೆ? ರಾಯಬಾಗದಲ್ಲಿ ಹತ್ತುವವರು ಸೀಟು ಖಾತ್ರಿ ಅಂತ ಮಿರಜಿನಿಂದ ರಿಸರ್ವೇಶನ್ ಮಾಡಿಸುತ್ತಾರೆ. ಆ ಟಿಕೆಟ್ ಮಿರಜಿನ ಖಾತೆಗೆ. ನಿಮ್ಮ ಸ್ಟೇಷನ್ನಿನಲ್ಲಿ ಐವತ್ತು ಜನ ಹತ್ತಿದರೂ ಕಾಗದದಲ್ಲಿ ಐದು. ನಿಲುಗಡೆ ಸಿಕ್ಕ ಮೊದಲ ತಿಂಗಳುಗಳಲ್ಲಾದರೂ ಟಿಕೆಟ್ ನಿಮ್ಮ ಸ್ಟೇಷನ್ನಿನಿಂದಲೇ ತೆಗೆಯಿರಿ, ಇದನ್ನು ಊರಲ್ಲಿ ಡಂಗುರ ಸಾರಿಸಿದರೂ ತಪ್ಪಿಲ್ಲ. ಮತ್ತೆ ರೈಲಿನ ಹೊತ್ತಿಗೆ ಸ್ಟೇಷನ್ನಿನಿಂದ ಊರಿಗೆ ಒಂದು ಬಸ್ ಟ್ರಿಪ್ ಹೊಂದಿಸಿ ಕೇಳಿ. ಆರು ಕಿಲೋಮೀಟರಿಗೆ ಆಟೋದವನು ರೈಲು ಟಿಕೆಟ್‌ಗಿಂತ ಜಾಸ್ತಿ ಕೇಳಿದರೆ ಯಾರು ರೈಲಿಗೆ ಹೋಗುತ್ತಾರೆ?

ಕೊನೆಗೆ ಹೊಸ ಗಣತಿ. ಎಣಿಕೆಯ ಆಧಾರ ದಿನ 2027ರ ಮಾರ್ಚ್ 1, ಜನರ ಎಣಿಕೆ ಮತ್ತೆ ಫೆಬ್ರವರಿಯಲ್ಲೇ. ಆಡಳಿತದ ಗಡಿಗಳು 2025ರ ಡಿಸೆಂಬರ್ 31ಕ್ಕೆ ಇದ್ದಂತೆ ಸ್ಥಿರವಾಗಿವೆ, 2027ರ ಮಾರ್ಚ್ ಮುಗಿಯುವ ತನಕ ಬದಲಾಗೋದಿಲ್ಲ. ಹಾಗಾಗಿ ಪಟ್ಟಣ ಪಂಚಾಯಿತಿಯ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈಗ ಮಾಡಬಹುದಾದದ್ದು ಬೇರೆ. ನಿಮ್ಮ ತೋಟದ ವಸತಿಗಳ ಹೆಸರು, ಪ್ರತಿಯೊಂದರಲ್ಲೂ ಎಷ್ಟು ಮನೆ, ಹತ್ತಿರದ ಡಾಂಬರು ರಸ್ತೆ ಎಷ್ಟು ದೂರ ಅಂತ ಒಂದು ಪಟ್ಟಿ ಮಾಡಿ. ತೋಟದ ಶಾಲೆಯ ಮೇಷ್ಟ್ರಿಗೆ, ಅಂಗನವಾಡಿ ಕಾರ್ಯಕರ್ತೆಗೆ ಅದರ ಮುಕ್ಕಾಲು ಪಾಲು ಬಾಯಲ್ಲೇ ಇರುತ್ತದೆ, ಎಣಿಕೆಗೆ ಬರುವವರೂ ಬಹುತೇಕ ಇಂಥ ಮೇಷ್ಟ್ರುಗಳೇ. ಪಟ್ಟಿಯ ಒಂದು ಪ್ರತಿ ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ಇನ್ನೊಂದನ್ನು ವಸ್ತಿ ಬಸ್ಸಿನ ಮನವಿಗೆ ಲಗತ್ತಿಸಿ.